ಕೇಳದೇ ಒಳ್ಳೆಯದು ಮಾಡಲು ಹೊರಟವನು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಕಾಗದ ಬಂದು ಹತ್ತು ದಿನ ಆಯಿತು. ತಡವಾಗಿದ್ದಕ್ಕೆ ಕ್ಷಮಿಸಿ. ಎರಡು ಸಾಲು ಗೀಚಿ ಕಳಿಸುವ ವಿಷಯ ಇದಲ್ಲ ಅನ್ನಿಸಿತು. ಮತ್ತೆ ಕೂತು ಓದಿ ಬರೆಯುತ್ತಿದ್ದೇನೆ.

ಬೇರೆ ಓದುಗರಿಗೆ ವಿಷಯ ಗೊತ್ತಾಗಲಿ. ಹೋದ ಸಂಚಿಕೆಯಲ್ಲಿ, ಬಂಗಾಳದ ಸಿರಾಂಪುರದಲ್ಲಿದ್ದ ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣದ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಹಾಕಿದ್ದೆವು. ಅದರ ಕೊನೆಯಲ್ಲಿ ಒಂದು ಮಾತಿತ್ತು: ಕೇರಿಯ ಹೆಸರಿನಲ್ಲಿ ಅಮೆರಿಕದ ಕಾಡಿನಲ್ಲೂ ಒಂದು ಮಿಷನ್ ಇತ್ತು, ಅದನ್ನು ಕಟ್ಟಿದವನು 'ಮೂಲನಿವಾಸಿಗಳ ಗೆಳೆಯ' ಐಸಾಕ್ ಮೆಕಾಯ್ ಎಂಬ, ಬ್ಯಾಪ್ಟಿಸ್ಟ್ ಅನ್ನುವ ಕ್ರೈಸ್ತ ಪಂಥದ ಪಾದ್ರಿ ಅಂತ. ಬರೆದದ್ದು ನಾನೇ. ಅದನ್ನು ಓದಿ ಹಾಸನದ ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರು ಕಾಗದ ಬರೆದಿದ್ದಾರೆ. ಅವರ ಮಗಳು ಇರುವುದು ಕನ್ಸಾಸ್ ಸಿಟಿಯಲ್ಲಿ. ಅಲ್ಲಿಗೆ ಹೋಗಿದ್ದಾಗ ಮೆಕಾಯ್ ಮನೆತನದ ಕಥೆ ಅವರ ಕಿವಿಗೆ ಬಿದ್ದಿದೆ. 'ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಕಳಿಸಬೇಕು ಅಂತ ವಾಷಿಂಗ್ಟನ್ನಿಗೆ ಹೋಗಿ ವಾದ ಮಾಡಿದವನು ಇವನೇ. ಇವನು ಗೆಳೆಯನಾದರೆ ವೈರಿ ಯಾರು?' ಅಂತ ಕೇಳಿದ್ದಾರೆ. ಮಿಷನರಿಗಳೆಲ್ಲ ಹೀಗೇ ಇದ್ದರಾ, ಪತ್ರಿಕೆ ತಿದ್ದುಪಡಿ ಹಾಕುತ್ತದಾ ಅನ್ನುವುದು ಇನ್ನೆರಡು ಪ್ರಶ್ನೆ.

ಮೇಷ್ಟ್ರೇ, ನೀವು ಹೇಳಿದ್ದು ಸರಿ. ವಾದ ಮಾಡಿದ್ದು ನಿಜ. ಆದರೆ ನಾನು ಬರೆದ 'ಗೆಳೆಯ' ಅನ್ನುವ ಮಾತೂ ಪೂರ್ತಿ ಸುಳ್ಳಲ್ಲ. ಈ ಮನುಷ್ಯನ ಬದುಕಿನಲ್ಲಿ ನನ್ನನ್ನು ನಿದ್ದೆಗೆಡಿಸುವುದು ಅದೇ. ಅದಕ್ಕೇ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ಮೆಕಾಯ್ ಹುಟ್ಟಿದ್ದು 1784ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಬೆಳೆದದ್ದು ಕೆಂಟಕಿಯಲ್ಲಿ. ಓದು ಕಡಿಮೆ. ನೂಲುವ ರಾಟೆ ಮಾಡುವುದು ಕೈಗೆ ಹತ್ತಿದ ಕಸುಬು. ಆಗಿನ ಪಶ್ಚಿಮದ ಅಂಚಿನಲ್ಲಿ ಬ್ಯಾಪ್ಟಿಸ್ಟರು ಅಷ್ಟು ಬೇಗ ಹರಡಿದ್ದಕ್ಕೆ ಇದೂ ಒಂದು ಕಾರಣ. ಅವರಲ್ಲಿ ಪಾದ್ರಿಯಾಗಲು ಕಾಲೇಜು ಬೇಕಿರಲಿಲ್ಲ, ಬಿಷಪ್ಪರ ಒಪ್ಪಿಗೆ ಬೇಕಿರಲಿಲ್ಲ. ದೇವರು ಕರೆದ ಅನ್ನಿಸಬೇಕು, ಊರಿನ ಸಭೆ ಹೌದು ಅನ್ನಬೇಕು, ಅಷ್ಟೇ. ವಾರವೆಲ್ಲ ಹೊಲ ಉತ್ತವನು ಭಾನುವಾರ ನಿಂತು ಬೋಧನೆ ಮಾಡುತ್ತಿದ್ದ. ಎಳೆ ಮಕ್ಕಳಿಗೆ ನೀರು ಚಿಮುಕಿಸುವ ಪದ್ಧತಿ ಅವರಲ್ಲಿಲ್ಲ. ಬುದ್ಧಿ ಬಂದ ಮೇಲೆ, ತಾನಾಗಿ ನಂಬಿ ಬಂದವರನ್ನು ಹೊಳೆಯಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸುತ್ತಾರೆ. ತಾನಾಗಿ ಬರಬೇಕು, ಯಾರೂ ಒತ್ತಾಯ ಮಾಡಬಾರದು ಅನ್ನುವುದು ಈ ಪಂಥದ ಬೇರು. ಇದನ್ನು ನೆನಪಿಟ್ಟುಕೊಳ್ಳಿ ಮೇಷ್ಟ್ರೇ, ಮುಂದೆ ಬೇಕಾಗುತ್ತದೆ.

1803ರಲ್ಲಿ ಕ್ರಿಸ್ಟಿಯಾನಾ ಪೋಕ್ ಜೊತೆ ಮದುವೆ. ಮರುವರ್ಷವೇ ಇಬ್ಬರೂ ಇಂಡಿಯಾನಾದ ವಿನ್ಸೆನ್ಸ್ ಕಡೆ ಹೋದರು. ಈ ಪೋಕ್ ಮನೆತನಕ್ಕೆ ಒಂದು ಹಳೆಯ ಗಾಯವಿತ್ತು. 1782ರಲ್ಲಿ ಮೂಲನಿವಾಸಿ ಯೋಧರು ಕೆಂಟಕಿಯ ಅವರ ಊರಿನ ಮೇಲೆ ದಾಳಿ ಮಾಡಿ, ಬಸುರಿ ತಾಯಿಯನ್ನೂ ಮಕ್ಕಳನ್ನೂ ಸೆರೆ ಹಿಡಿದು ಡೆಟ್ರಾಯಿಟ್ ತನಕ ನಡೆಸಿಕೊಂಡು ಹೋಗಿದ್ದರು. ಆ ಮಕ್ಕಳಲ್ಲಿ ವಿಲಿಯಂ ಅನ್ನುವ ಚಿಕ್ಕ ಹುಡುಗನೂ ಇದ್ದ. ಆಮೇಲೆ ಎಲ್ಲರೂ ವಾಪಸ್ ಬಂದರು. ಅಂಥ ಮನೆಯ ಹೆಣ್ಣುಮಗಳು ಕ್ರಿಸ್ಟಿಯಾನಾ. ಅದೇ ಜನರ ಮಕ್ಕಳಿಗೆ ಅನ್ನ ಹಾಕಿ, ಬಟ್ಟೆ ಹೊಲಿದು ಕೊಡುತ್ತಾ ತನ್ನ ಆಯಸ್ಸನ್ನು ಕಳೆದಳು. ಮೆಕಾಯ್ ಬಗ್ಗೆ ಬರೆಯುವವರು ಆಕೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. 1821ರಲ್ಲಿ ದಿನ ತುಂಬುತ್ತಿದ್ದಾಗ, ಹತ್ತಿರದಲ್ಲಿ ನೋಡಿಕೊಳ್ಳುವವರು ಇಲ್ಲ ಅಂತ, ಆಕೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ತೆರೆದ ದೋಣಿಯಲ್ಲಿ ವಾಬಾಶ್ ನದಿಯುದ್ದಕ್ಕೂ ನೂರಾರು ಮೈಲಿ ಹೋಗಿ ತನ್ನವರ ಊರು ಸೇರಿದಳು. ಹಡೆದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ತಂದೆ ತಾಯಿಗಿಂತ ಮೊದಲೇ ತೀರಿಕೊಂಡರು.

1817ರಲ್ಲಿ ಮೆಕಾಯ್‌ಗೆ ಮಿಷನರಿ ಅಂತ ನೇಮಕವಾಯಿತು. ನೇಮಿಸಿದ ಮಂಡಳಿ 1814ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ್ದು. ಅದರ ಕಣ್ಣೆಲ್ಲ ಬರ್ಮಾ ಮತ್ತು ಭಾರತದ ಕಡೆ. ಮನೆಯ ಹಿತ್ತಲಿನಲ್ಲೇ ಇದ್ದ ಮೂಲನಿವಾಸಿಗಳ ಕೆಲಸಕ್ಕೆ ದುಡ್ಡು ಬರುತ್ತಿದ್ದದ್ದು ಅಪರೂಪ. ಇನ್ನೊಂದು ಕಡೆ ಸ್ವಂತ ಬ್ಯಾಪ್ಟಿಸ್ಟರದೇ ವಿರೋಧ. ಡೇನಿಯಲ್ ಪಾರ್ಕರ್ ಎಂಬ ಬೋಧಕ, ಮಂಡಳಿ ಕಟ್ಟಿ ಚಂದಾ ಎತ್ತಿ ಮಿಷನರಿ ಕಳಿಸುವುದು ಬೈಬಲ್ಲಿನಲ್ಲಿಲ್ಲ ಅಂತ ಹಳ್ಳಿ ಹಳ್ಳಿಯ ಸಭೆಗಳನ್ನು ಮಂಡಳಿಯ ವಿರುದ್ಧ ಎಬ್ಬಿಸಿದ. ಈ ಜಗಳ ಆಗ ಎಷ್ಟೋ ಸಭೆಗಳನ್ನು ಎರಡು ಹೋಳು ಮಾಡಿತು.

1820ರಲ್ಲಿ ಮೆಕಾಯ್ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಶಾಲೆ ತೆರೆದ. ಮೊದಲ ದಿನ ಬಂದ ಮಕ್ಕಳು 25. ಹತ್ತು ಇಂಗ್ಲಿಷ್ ಮಕ್ಕಳು, ಆರು ಫ್ರೆಂಚ್ ಮಕ್ಕಳು, ಎಂಟು ಮೂಲನಿವಾಸಿ ಮಕ್ಕಳು, ಒಂದು ಕಪ್ಪು ಮಗು. ಎಲ್ಲ ಒಂದೇ ಕೋಣೆಯಲ್ಲಿ. 1820ರ ಅಮೆರಿಕದಲ್ಲಿ!

ಎರಡು ವರ್ಷ ಕಳೆದು, 1822ರ ಡಿಸೆಂಬರ್ ಚಳಿಯಲ್ಲಿ, ಪೊಟವಾಟಮಿ ಎಂಬ ಬುಡಕಟ್ಟಿನ ಜನರ ನಡುವೆಯೇ ಇರಬೇಕು ಅಂತ ಅಲ್ಲಿಂದಲೂ ಹೊರಟರು. ಮನೆಯವರು, ಕೆಲಸದವರು, ಶಾಲೆಯ ಮಕ್ಕಳು ಸೇರಿ 32 ಮಂದಿ, ಜೊತೆಗೆ ಎತ್ತಿನ ಬಂಡಿಗಳು, 50 ಹಂದಿ, 5 ಹಸು. ಹಿಮದಲ್ಲಿ ಹಾದಿ ಮಾಡಿಕೊಂಡು ಸೇಂಟ್ ಜೋಸೆಫ್ ನದಿಯ ದಡ ಸೇರಿದರು. ಈಗ ಅದು ಮಿಶಿಗನ್ನಿನ ನೈಲ್ಸ್ ಊರು. ಆ ಜಾಗಕ್ಕೆ ಇಟ್ಟ ಹೆಸರೇ ಕೇರಿ ಮಿಷನ್. ಸಿರಾಂಪುರದಲ್ಲಿ ಕೂತು ಕನ್ನಡಕ್ಕೂ ವ್ಯಾಕರಣ ಬರೆದ ಅದೇ ಕೇರಿ. ಆ ವ್ಯಾಕರಣ ಅಚ್ಚಾದದ್ದು 1817ರಲ್ಲಿ, ಮೆಕಾಯ್ ನೇಮಕವಾದ ವರ್ಷವೇ. ನಮ್ಮ ಟಿಪ್ಪಣಿಯಲ್ಲಿ ಈ ಮನುಷ್ಯ ಬಂದದ್ದು ಈ ನಂಟಿನಿಂದ, ಬೇರೇನಿಲ್ಲ.

ಆ ಮೊದಲ ಚಳಿಗಾಲದ ಒಂದು ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಹಿಟ್ಟು ತರಲು ಫೋರ್ಟ್ ವೇನ್‌ಗೆ ಹೋದ ಬಂಡಿಗಳು ಬರಲೇ ಇಲ್ಲ. ಒಂದು ಬೆಳಿಗ್ಗೆ ಉಳಿದ ಕೊನೆಯ ರೊಟ್ಟಿಯನ್ನು ಚೂರು ಚೂರು ಮಾಡಿ ಎಲ್ಲರಿಗೂ ಹಂಚಿದರು. ಕೆಲವು ಹಿಡಿ ಹಿಟ್ಟನ್ನು ಮಾತ್ರ ಕೂಸುಗಳಿಗೆ ಅಂತ ಎತ್ತಿಟ್ಟರು, ಯಾಕೆಂದರೆ ಹಾಲೂ ಇರಲಿಲ್ಲ. ಆಗ ಅವರ ಹೊಟ್ಟೆ ತುಂಬಿಸಿದ್ದು ಪೊಟವಾಟಮಿ ನೆರೆಯವರು ಕೊಟ್ಟ ಮೆಕ್ಕೆಜೋಳ. ಅವರ ಮನೆಗಳಲ್ಲೂ ಚಳಿಗಾಲಕ್ಕೆ ಅಳೆದು ಕೂಡಿಟ್ಟ ಕಾಳೇ ಇದ್ದದ್ದು. ಅದನ್ನೇ ಹುರಿದು ತಿಂದು ದಿನ ನೂಕಿದರು. ಹುರಿದ ಜೋಳ ರೊಟ್ಟಿಯ ಜಾಗಕ್ಕೆ ಚೆನ್ನಾಗಿಯೇ ಒದಗುತ್ತದೆ ಅಂತ ಮೆಕಾಯ್ ದೇವರಿಗೆ ಕೃತಜ್ಞತೆ ಹೇಳಿ ಬರೆದುಕೊಂಡ. ಉಳಿಸಲು ಬಂದವರನ್ನು ಉಳಿಸಿದ್ದು ಅಲ್ಲಿಯ ಜನ.

ಮಿಷನ್ ಬೆಳೆಯಿತು. ಎಪ್ಪತ್ತರಷ್ಟು ಮಕ್ಕಳು, ಹೊಲ, ಕಮ್ಮಾರಸಾಲೆ, ನೇಯ್ಗೆ. ಆದರೆ ಬಿಳಿ ವ್ಯಾಪಾರಿಗಳ ವಿಸ್ಕಿ ಪೀಪಾಯಿಗಳೂ ಹಿಂದೆಯೇ ಬಂದವು. ತುಪ್ಪಳಕ್ಕೆ ಬದಲು ಸಾರಾಯಿ. ಕುಡಿತ, ಹೊಡೆದಾಟ, ಕೊಲೆ. ಮೆಕಾಯ್ ಕಣ್ಣೆದುರೇ ಮನೆಗಳು ಹಾಳಾದವು. 1825ರಲ್ಲಿ ಈರಿ ಕಾಲುವೆ ತೆರೆದದ್ದೇ ತಡ, ಪೂರ್ವದಿಂದ ಜನ ದೋಣಿಗಳಲ್ಲಿ ನುಗ್ಗಿದರು. ಭೂಮಿಯ ಹಸಿವು ಇನ್ನೂ ಜೋರಾಯಿತು. ಒಪ್ಪಂದದ ಮೇಲೆ ಒಪ್ಪಂದ, ಪ್ರತಿಸಲವೂ ಮೂಲನಿವಾಸಿಗಳ ನೆಲ ಕಿರಿದು.

ಇಲ್ಲೇ ಮೆಕಾಯ್ ತಲೆಯಲ್ಲಿ ಒಂದು ಯೋಚನೆ ಬೇರು ಬಿಟ್ಟಿತು. 1823ರಿಂದಲೇ ಅದು ಶುರು. ಬಿಳಿಯರ ಪಕ್ಕದಲ್ಲಿದ್ದರೆ ಈ ಜನ ನಾಶವಾಗುತ್ತಾರೆ. ದೂರ ಪಶ್ಚಿಮದಲ್ಲಿ ಇವರಿಗೇ ಅಂತ ಒಂದು ನಾಡು ಬೇಕು, ಎಂದೆಂದಿಗೂ ಯಾರೂ ಕಿತ್ತುಕೊಳ್ಳಲಾಗದ ಹಕ್ಕುಪತ್ರ ಇರಬೇಕು, ಇವರದೇ ಸರ್ಕಾರ ಇರಬೇಕು. ಬೈಬಲ್ಲಿನಲ್ಲಿ ದೇವರು ತನ್ನ ಜನರಿಗೆ ಕೊಡುತ್ತೇನೆ ಅಂದ ಕಾನಾನ್ ದೇಶದ ಹಾಗೆ. 1824ರಲ್ಲಿ ವಾಷಿಂಗ್ಟನ್ನಿಗೆ ಹೋಗಿ ಯುದ್ಧ ಖಾತೆಯ ಕಾರ್ಯದರ್ಶಿ ಕ್ಯಾಲ್‌ಹೂನ್‌ಗೆ ಹೇಳಿದ. ಅವನಿಗೆ ಇಷ್ಟವಾಯಿತು. ಆಗದೇ ಇರುತ್ತದಾ? ಭೂಮಿ ಖಾಲಿ ಮಾಡಿಸಬೇಕು ಅಂತ ಕಾಯುತ್ತಿದ್ದ ಸರ್ಕಾರಕ್ಕೆ, ಇದು ಅವರ ಒಳ್ಳೆಯದಕ್ಕೇ ಅಂತ ಹೇಳುವ ಪಾದ್ರಿಯೇ ಎದುರು ಬಂದು ನಿಂತಿದ್ದ.

1827ರಲ್ಲಿ ಅದನ್ನೇ ಕಿರುಹೊತ್ತಿಗೆ ಮಾಡಿ ಅಚ್ಚು ಹಾಕಿಸಿದ. 1828ರಲ್ಲಿ ಮೂವರು ಪೊಟವಾಟಮಿಗಳನ್ನೂ ಒಟ್ಟಾವಾ ಬುಡಕಟ್ಟಿನ ಮೂವರನ್ನೂ ಕರೆದುಕೊಂಡು ಈಗಿನ ಕನ್ಸಾಸ್ ನೆಲ ನೋಡಲು ಹೋದ. ಎಲೆ ಉದುರುವ ದಟ್ಟ ಕಾಡು, ಕೆರೆ, ಸಕ್ಕರೆ ಮೇಪಲ್ ಮರಗಳ ನಡುವೆ ಬೆಳೆದ ಜನ ಅವರು. ಅಲ್ಲಿ ನೋಡಿದರೆ ಕಣ್ಣು ಹಾಯುವ ತನಕ ಹುಲ್ಲು. 1830ರ ಮೇ ತಿಂಗಳಲ್ಲಿ, ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಕಳಿಸುವ ಸ್ಥಳಾಂತರ ಕಾಯ್ದೆ ಪಾಸಾಯಿತು. ಕೆಳಮನೆಯಲ್ಲಿ 102 ಮತ, ವಿರುದ್ಧ 97. ಐದೇ ಮತದ ಅಂತರ ಮೇಷ್ಟ್ರೇ. ಅಂದರೆ ಆ ಕಾಲದಲ್ಲೇ ಅರ್ಧದಷ್ಟು ಸಂಸದರಿಗೆ ಇದು ತಪ್ಪು ಅಂತ ಗೊತ್ತಿತ್ತು. ಕಾಲವೇ ಹಾಗಿತ್ತು ಅನ್ನುವ ಸಮಾಧಾನ ನನಗೆ ಸಾಲದೇ ಹೋಗುವುದು ಈ ಲೆಕ್ಕದಿಂದ.

ಕಾಯ್ದೆ ಬಂದ ಮೇಲೆ ಮೆಕಾಯ್ ಸರ್ಕಾರದ ಸರ್ವೆ ಕೆಲಸ ಹಿಡಿದು, ಯಾವ ಬುಡಕಟ್ಟಿಗೆ ಎಷ್ಟು ಅಂತ ಗಡಿ ಗುರುತು ಮಾಡುತ್ತಾ ಹುಲ್ಲುಗಾವಲಿನಲ್ಲಿ ಅಲೆದ. ಮಗ ಜಾನ್ ಕ್ಯಾಲ್ವಿನ್ ಮೆಕಾಯ್ 1833ರಲ್ಲಿ ಅಲ್ಲೇ ಹತ್ತಿರ ವೆಸ್ಟ್‌ಪೋರ್ಟ್‌ನಲ್ಲಿ ಅಂಗಡಿ ಹಾಕಿ, ಸೈಟು ಹಂಚಿ ಊರು ಕಟ್ಟಿದ. ಅದೇ ಈಗ ನಿಮ್ಮ ಮಗಳಿರುವ ಕನ್ಸಾಸ್ ಸಿಟಿಯ ಒಂದು ಭಾಗ.

ಈಗ 1838ಕ್ಕೆ ಬರೋಣ. ಆ ವರ್ಷ ಸೆಪ್ಟೆಂಬರ್ 4ರಂದು, ಇಂಡಿಯಾನಾದ ಟ್ವಿನ್ ಲೇಕ್ಸ್‌ನಿಂದ 850ಕ್ಕೂ ಜಾಸ್ತಿ ಪೊಟವಾಟಮಿಗಳನ್ನು ಬಂದೂಕಿನ ಕಾವಲಿನಲ್ಲಿ ಹೊರಡಿಸಿದರು. ಅವರ ಮುಖಂಡ ಮೆನಾಮಿನಿ, ತಾನು ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ ಅಂತ ಕೊನೆಯ ತನಕ ಹೇಳಿದವನು. ಅವನನ್ನು ಕೈದಿ ಮಾಡಿ ಬಂಡಿಯಲ್ಲಿ ಹಾಕಿ ಒಯ್ದರು. ಬರಗಾಲದ ವರ್ಷ, ಹಳ್ಳಗಳಲ್ಲಿ ಕೊಳೆತ ನೀರು, ಟೈಫಾಯ್ಡ್ ಜ್ವರ. 660 ಮೈಲಿ, ಎರಡು ತಿಂಗಳು. ದಾರಿಯಲ್ಲಿ ಸತ್ತವರು 40ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಮಕ್ಕಳು. ಬೆಳಗಾದರೆ ಒಂದು ಚಿಕ್ಕ ಗುಂಡಿ ತೋಡುವುದು, ಮತ್ತೆ ನಡೆಯುವುದು. ನವೆಂಬರ್ 4ರಂದು ಕನ್ಸಾಸ್ ತಲುಪಿದಾಗ, ಕಟ್ಟಿಸಿಕೊಡುತ್ತೇವೆ ಅಂದಿದ್ದ ಮನೆಗಳು ಇರಲಿಲ್ಲ. ಚಳಿಗಾಲ ಎದುರಿಗೇ ಇತ್ತು. ಆ ಜನ ಇದಕ್ಕೆ ಸಾವಿನ ದಾರಿ ಅಂತಲೇ ಹೆಸರಿಟ್ಟಿದ್ದಾರೆ.

ಡ್ಯಾನ್‌ವಿಲ್‌ನಿಂದ ಕನ್ಸಾಸ್ ತನಕ ಆ ಗುಂಪನ್ನು ಸರ್ಕಾರದ ಪರವಾಗಿ ನಡೆಸಿಕೊಂಡು ಹೋದವನು ಯಾರು ಗೊತ್ತಾ? ವಿಲಿಯಂ ಪೋಕ್. ಕ್ರಿಸ್ಟಿಯಾನಾಳ ಅಣ್ಣ. ಚಿಕ್ಕಂದಿನಲ್ಲಿ ಸೆರೆಯಾಳಾಗಿ ಡೆಟ್ರಾಯಿಟ್ ತನಕ ನಡೆದ ಅದೇ ಹುಡುಗ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟೆ.

ಎಲ್ಲ ಮಿಷನರಿಗಳೂ ಹೀಗೇ ಇದ್ದರಾ ಅಂತ ಕೇಳಿದ್ದೀರಿ. ಇಲ್ಲ. ಅದೇ ಬ್ಯಾಪ್ಟಿಸ್ಟ್ ಮಂಡಳಿಯ ಇನ್ನೊಬ್ಬನ ಹೆಸರು ಹೇಳುತ್ತೇನೆ: ಇವಾನ್ ಜೋನ್ಸ್. ವೇಲ್ಸ್ ದೇಶದವನು, 1788ರಲ್ಲಿ ಹುಟ್ಟಿದವನು. 1821ರಲ್ಲಿ ನಾರ್ತ್ ಕೆರೊಲಿನಾದ ಬೆಟ್ಟಗಳಲ್ಲಿದ್ದ ಚೆರೋಕಿ ಎಂಬ ಮೂಲನಿವಾಸಿ ಜನರ ನಡುವೆ ಬಂದ. ಅದೇ ಹೊತ್ತಿಗೆ ಸಿಕ್ವೋಯಾ ಎಂಬ ಚೆರೋಕಿ, ಯಾವ ಶಾಲೆಗೂ ಹೋಗದೆ, ತನ್ನ ಭಾಷೆಗೆ ಒಂದು ಪೂರ್ತಿ ಲಿಪಿಯನ್ನೇ ಕಟ್ಟಿದ್ದ. ನಮ್ಮ ಕಾಗುಣಿತದ ಹಾಗೆ ಒಂದೊಂದು ಅಕ್ಷರಕ್ಕೆ ಒಂದೊಂದು ಉಚ್ಚಾರ. ಜೋನ್ಸ್ ಆ ಭಾಷೆಗೆ ಬಿದ್ದ. ಮಗ ಜಾನ್ ಅಂತೂ ಚೆರೋಕಿ ಮಾತಾಡುತ್ತಲೇ ಬೆಳೆದ. 1835ರ ಕೊನೆಗೆ, ಬೆರಳೆಣಿಕೆಯ ಕೆಲವು ಚೆರೋಕಿಗಳು ಇಡೀ ನಾಡನ್ನೇ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಉಳಿದವರು ಒಪ್ಪುವುದಿಲ್ಲ ಅಂದರು. ಜೋನ್ಸ್ ಅವರ ಜೊತೆ ನಿಂತ. ಆ ತಪ್ಪಿಗೆ 1836ರಲ್ಲಿ ಸೈನ್ಯ ಅವನನ್ನು ಅಲ್ಲಿಂದ ಹೊರಗೆ ಹಾಕಿತು.

1838ರ ಬೇಸಿಗೆಯಲ್ಲಿ ಸೈನಿಕರು ಚೆರೋಕಿಗಳನ್ನು ಮನೆಗಳಿಂದ ಎಳೆದು ಶಿಬಿರಗಳಿಗೆ ತುಂಬಿದಾಗ, ಹೊರಗೆ ಹಾಕಿಸಿಕೊಂಡಿದ್ದ ಜೋನ್ಸ್ ಆ ಶಿಬಿರದಲ್ಲಿ ಅವರ ಜೊತೆಗೇ ಇದ್ದು ಕಾಗದ ಬರೆದ. ಚೆರೋಕಿಗಳೆಲ್ಲ ಹೆಚ್ಚುಕಡಿಮೆ ಕೈದಿಗಳಾಗಿದ್ದಾರೆ, ಉಟ್ಟ ಬಟ್ಟೆ ಬಿಟ್ಟು ಬೇರೇನೂ ತೆಗೆದುಕೊಳ್ಳಲು ಎಷ್ಟೋ ಜನರಿಗೆ ಸಮಯ ಕೊಡಲಿಲ್ಲ, ಬಿಟ್ಟುಬಂದ ಮನೆಗಳನ್ನು ಕಳ್ಳರು ದೋಚುತ್ತಿದ್ದಾರೆ ಅನ್ನುವುದು ಅದರ ಸಾರ. ಆಮೇಲೆ ಒಂದು ತಂಡದ ಜೊತೆ ತಾನೂ ಪಶ್ಚಿಮಕ್ಕೆ ನಡೆದ. ಇನ್ನೊಂದು ತಂಡವನ್ನು ನಡೆಸಿದವನು ಅವನ ಗೆಳೆಯ ಜೆಸ್ಸಿ ಬುಶಿಹೆಡ್. ಅವನು ಸ್ವತಃ ಚೆರೋಕಿ, ಸ್ವತಃ ಬ್ಯಾಪ್ಟಿಸ್ಟ್ ಪಾದ್ರಿ. ಹೊಸ ನೆಲದಲ್ಲಿ 1844ರಲ್ಲಿ ಜೋನ್ಸ್ ಚೆರೋಕಿ ಲಿಪಿಯಲ್ಲಿ ಒಂದು ಪತ್ರಿಕೆ ಹೊರಡಿಸಿದ. ಗುಲಾಮರನ್ನು ಇಟ್ಟುಕೊಂಡವರನ್ನು ತನ್ನ ಸಭೆಯಿಂದ ಹೊರಗಿಟ್ಟು, ಅದಕ್ಕೂ ಏಟು ತಿಂದ. 1865ರಲ್ಲಿ ಚೆರೋಕಿ ರಾಷ್ಟ್ರದ ಸಭೆ ಜೋನ್ಸ್‌ನನ್ನೂ ಅವನ ಮಗನನ್ನೂ ತನ್ನ ಪ್ರಜೆಗಳು ಅಂತ ಸೇರಿಸಿಕೊಂಡಿತು. ಗೆಳೆಯ ಅಂತ ಪತ್ರಿಕೆಯವರು ಕರೆಯುವುದು ಬೇರೆ, ಆ ಜನವೇ ನೀನು ನಮ್ಮವನು ಅನ್ನುವುದು ಬೇರೆ. ಅಲ್ವಾ?

ಹಾಗಂತ ಮೆಕಾಯ್‌ಗೆ ಜೋನ್ಸ್‌ಗಿಂತ ಪ್ರೀತಿ ಕಡಿಮೆ ಇತ್ತು ಅಂತ ನಾನು ಹೇಳಲಾರೆ. ಕಷ್ಟಪಟ್ಟದ್ದರಲ್ಲಿ, ಮಕ್ಕಳನ್ನು ಮಣ್ಣು ಮಾಡಿದ್ದರಲ್ಲಿ, ಮಲೇರಿಯಾ ಜ್ವರದಲ್ಲಿ ನಡುಗುತ್ತಾ ಕುದುರೆ ಏರಿದ್ದರಲ್ಲಿ ಅವನು ಯಾರಿಗೂ ಕಡಿಮೆಯಲ್ಲ. ಕೈಯಲ್ಲಿ ಕಾಸಿಲ್ಲದಾಗಲೂ ಕೆಲಸ ಬಿಡಲಿಲ್ಲ. 1846ರಲ್ಲಿ ಲೂಯಿವಿಲ್‌ನಲ್ಲಿ ಸಾಯುವಾಗಲೂ, ಮೂಲನಿವಾಸಿಗಳ ನಡುವಿನ ಮಿಷನ್ ಕೆಲಸ ಕುಗ್ಗದಂತೆ ನೋಡಿಕೊಳ್ಳಿ ಅಂತ ಹೇಳಿ ಪ್ರಾಣ ಬಿಟ್ಟ ಅಂತ ಅವನ ಜೊತೆಯವರು ಬರೆದಿಟ್ಟಿದ್ದಾರೆ. ವ್ಯತ್ಯಾಸ ಎಲ್ಲಿ ಅಂದರೆ, ಬೇಡ ಅಂದವರ ಮಾತನ್ನು ಜೋನ್ಸ್ ತೀರ್ಮಾನ ಅಂತ ತಗೊಂಡ. ಮೆಕಾಯ್ ಅದನ್ನು ತಿಳಿವಳಿಕೆ ಸಾಲದ್ದು ಅಂತ ತಗೊಂಡ. ನಂಬಿಕೆಯ ವಿಷಯದಲ್ಲಿ ಯಾರನ್ನೂ ಒತ್ತಾಯ ಮಾಡಬಾರದು, ತಾನಾಗಿ ಹೊಳೆಗೆ ಇಳಿದು ಬರಬೇಕು ಅನ್ನುತ್ತಿದ್ದ ಪಂಥದವನು, ಊರು ಬಿಡುವ ವಿಷಯದಲ್ಲಿ ಆ ಮಾತನ್ನೇ ಮರೆತ. ನನಗೆ ಅವನ ಮೇಲೆ ಕೋಪ ಬರುವುದು ಇಲ್ಲಿ.

ಅವನ ಕಾನಾನ್ ದೇಶ ಏನಾಯಿತು ಅಂತಲೂ ಹೇಳಬೇಕು. ಎಂದೆಂದಿಗೂ ಅಂದ ನೆಲವನ್ನು 1854ರಲ್ಲೇ ಕನ್ಸಾಸ್ ಪ್ರಾಂತ್ಯ ಮಾಡಿ ಬಿಳಿಯರಿಗೆ ತೆರೆದರು. ಅಲ್ಲಿಗೆ ತಂದಿದ್ದ ಎಷ್ಟೋ ಬುಡಕಟ್ಟುಗಳನ್ನು ಇನ್ನೊಮ್ಮೆ ಎಬ್ಬಿಸಿ ಈಗಿನ ಒಕ್ಲಹೋಮಾಗೆ ಕಳಿಸಿದರು. ಮೆಕಾಯ್ ಅದನ್ನು ನೋಡಲು ಇರಲಿಲ್ಲ.

ಇನ್ನೊಂದು ಸಂಗತಿ, ನಿಮ್ಮ ಕಾಗದದಲ್ಲಿ ಇಲ್ಲದ್ದು. ಕೇರಿ ಮಿಷನ್ನಿನ ನೆರೆಯಲ್ಲೇ ಪೊಕಾಗನ್ ಎಂಬ ಪೊಟವಾಟಮಿ ಮುಖಂಡ ಇದ್ದ. ಸ್ಥಳಾಂತರ ಬರುತ್ತಿದೆ ಅಂತ ಅವನಿಗೆ ಗೊತ್ತಾಯಿತು, ಬ್ಯಾಪ್ಟಿಸ್ಟ್ ಪಾದ್ರಿ ಯಾವ ಕಡೆ ಇದ್ದಾನೆ ಅಂತಲೂ ಗೊತ್ತಾಯಿತು. 1830ರಲ್ಲಿ ಡೆಟ್ರಾಯಿಟ್‌ಗೆ ಹೋಗಿ, ನಮಗೆ ಒಬ್ಬ ಕ್ಯಾಥೊಲಿಕ್ ಪಾದ್ರಿಯನ್ನು ಕೊಡಿ ಅಂತ ಕೇಳಿದ. ಸಿಕ್ಕಿದರು. ಅವನ ಗುಂಪು ಕ್ಯಾಥೊಲಿಕ್ ಆಯಿತು, ಹೊಲ ಮನೆ ಮಾಡಿತು, 1833ರ ಒಪ್ಪಂದದಲ್ಲಿ ತಾವು ಮಿಶಿಗನ್‌ನಲ್ಲೇ ಉಳಿಯುತ್ತೇವೆ ಅಂತ ಬರೆಸಿಕೊಂಡಿತು. ಪೊಕಾಗನ್ ಜನ ಈಗಲೂ ಡೊವಾಜಿಯಾಕ್ ಊರಿನ ಸುತ್ತ ಇದ್ದಾರೆ. 1994ರಲ್ಲಿ ಅಮೆರಿಕ ಸರ್ಕಾರ ಅವರ ಮಾನ್ಯತೆಯನ್ನು ಮತ್ತೆ ಒಪ್ಪಿಕೊಂಡಿತು. ಉಳಿದದ್ದು ಅವರ ಸ್ವಂತ ಜಾಣತನದಿಂದ.

ಇನ್ನು ತಿದ್ದುಪಡಿ. ಹಾಕುತ್ತೇವೆ ಮೇಷ್ಟ್ರೇ, ಮುಂದಿನ ಸಂಚಿಕೆಯ ಎರಡನೇ ಪುಟದಲ್ಲೇ. 'ಮೂಲನಿವಾಸಿಗಳ ಗೆಳೆಯ' ಅನ್ನುವ ಎರಡು ಪದ ತೆಗೆದು ಹೀಗೆ ಬರೆಯುತ್ತೇವೆ: 'ಅಲ್ಲಿಯ ಪೊಟವಾಟಮಿಗಳ ನಡುವೆ ಶಾಲೆ ನಡೆಸಿ, ಆಮೇಲೆ ಅವರನ್ನು ಪಶ್ಚಿಮಕ್ಕೆ ಸ್ಥಳಾಂತರಿಸಬೇಕೆಂದು ಸರ್ಕಾರವನ್ನು ಒಪ್ಪಿಸಲು ದುಡಿದ ಐಸಾಕ್ ಮೆಕಾಯ್.' ಇದರಲ್ಲಿ ಏನಾದರೂ ಬಿಟ್ಟಿದ್ದರೆ ಹೇಳಿ, ಅಚ್ಚಿಗೆ ಹೋಗಲು ಇನ್ನೂ ಒಂದು ವಾರ ಇದೆ.

ನಿಮ್ಮ ಮಗಳಿಗೊಂದು ಮಾತು ಹೇಳಿ. ಕನ್ಸಾಸ್ ಸಿಟಿಯಿಂದ ದಕ್ಷಿಣಕ್ಕೆ, ಲಿನ್ ಕೌಂಟಿಯಲ್ಲಿ ಶುಗರ್ ಕ್ರೀಕ್ ಅಂತ ಒಂದು ಹಳ್ಳ ಇದೆ. ಸಾವಿನ ದಾರಿಯಲ್ಲಿ ಬಂದ ಪೊಟವಾಟಮಿಗಳು 1848ರ ತನಕ ಇದ್ದದ್ದು ಅಲ್ಲೇ. ಈಗ ಅದೊಂದು ಸ್ಮಾರಕ ಪಾರ್ಕು. ಅಲ್ಲಿ ನಿಲ್ಲಿಸಿರುವ ಶಿಲುಬೆಗಳ ಮೇಲೆ, ಆ ನೆಲದಲ್ಲಿ ಸತ್ತವರ ಹೆಸರುಗಳನ್ನು ಬರೆದಿದ್ದಾರೆ. ಒಂದು ಭಾನುವಾರ ಕಾರಿನಲ್ಲಿ ಹೋಗಿ ಬರಬಹುದಾದ ದೂರ. ಹೋದರೆ, ಹೆಸರುಗಳು ಓದಲು ಬರುವ ಹಾಗೆ ಹತ್ತಿರದಿಂದ ಫೋಟೋ ತೆಗೆದು ಕಳಿಸಲಿ. ನಿಮ್ಮ ಕಾಗದದ ಜೊತೆಗೇ ಹಾಕುತ್ತೇವೆ.

ನಿಮ್ಮ,
ಸಂಪಾದಕ